ಫ್ಲೂ ಜ್ವರ ಇಳಿದರೂ ಕುದುರೆಗೆ ಜೀನು ಯಾಕೆ ಹಾಕಬಾರದು?

[ದೃಶ್ಯ: ಥರ್ಮಾಮೀಟರ್ ಕ್ಲೋಸಪ್, 40.5]

ಆರೋಗ್ಯವಾಗಿರೋ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಇನ್‌ಫ್ಲುಯೆಂಜಾ ಬಂದ್ರೆ 41ರವರೆಗೂ ಏರುತ್ತೆ. ಜೊತೆಗೆ ಒಣ ಕೆಮ್ಮು, ಸುರಿಯೋ ಮೂಗು. ಕೆಲವು ದಿನಕ್ಕೆ ಜ್ವರ ಇಳಿದು ಮೇವಿಗೆ ಬಾಯಿ ಹಾಕುತ್ತೆ. ಹುಷಾರಾಯ್ತು ಅಂತ ಜೀನು ಬಿಗೀತಾರೆ. ಎಡವಟ್ಟಾಗೋದೇ ಇಲ್ಲಿ.

[ಅನಿಮೇಷನ್: ಶ್ವಾಸನಾಳದ ಒಳಪದರ]

ಈ ಫ್ಲೂ ತರೋದು ಎಚ್3ಎನ್8 ಅನ್ನೋ ವೈರಸ್. 2008ರಲ್ಲಿ ಜಮ್ಮುವಿನ ಕತ್ರಾದಲ್ಲಿ ಕಾಣಿಸಿಕೊಂಡು ದೇಶದ ಹಲವೆಡೆ ಹಬ್ಬಿದ್ದು ಇದೇ. ಶ್ವಾಸನಾಳದ ಒಳಗೆ ಸಿಂಬಳ, ದೂಳನ್ನ ಮೇಲಕ್ಕೆ ತಳ್ಳೋ ಸೂಕ್ಷ್ಮ ರೋಮಗಳಿರ್ತವೆ. ವೈರಸ್ ಹೊಕ್ಕೋದು ಆ ರೋಮದ ಕೋಶಗಳಿಗೇ. ಸೋಂಕಾದ ಕೋಶ ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಬಿಟ್ಟು ನೆರೆಯ ಕೋಶಗಳನ್ನ ಎಚ್ಚರಿಸುತ್ತೆ. ಇಂಟರ್‌ಲ್ಯೂಕಿನ್-6ರಂಥ ಸಂಕೇತಗಳು ಮೆದುಳಿಗೆ ಹೋಗಿ ಜ್ವರ ಬರಿಸ್ತವೆ. ಅಂದ್ರೆ ಜ್ವರ ಎಬ್ಬಿಸೋದು ಕುದುರೆಯ ಮೈಯೇ. ಆಮೇಲೆ ರೋಗನಿರೋಧಕ ಪಡೆಯ ಟಿ ಕೋಶಗಳು ಬಂದು ಸೋಂಕಿತ ಕೋಶಗಳನ್ನೇ ಕೊಲ್ತವೆ. ವಾರದ ಹೊತ್ತಿಗೆ ಮೂಗಿನಲ್ಲಿ ಐಜಿಎ, ರಕ್ತದಲ್ಲಿ ಐಜಿಜಿ ಪ್ರತಿಕಾಯ ಸಿದ್ಧ.

ವೈರಸ್ ಸೋತಿತು, ಸರಿ. ಆದರೆ ರೋಮದ ಪದರವೂ ಉದುರಿಹೋಗಿದೆ. ಅದು ಮತ್ತೆ ಬೆಳೆಯೋಕೆ ಕನಿಷ್ಠ ಮೂರು ವಾರ ಬೇಕು. ನಾಗಾಲೋಟದಲ್ಲಿ ರೇಸ್ ಕುದುರೆ ನಿಮಿಷಕ್ಕೆ ಸಾವಿರ ಲೀಟರ್‌ಗೂ ಹೆಚ್ಚು ಗಾಳಿ ಎಳೆಯುತ್ತೆ. ದೂಳಿನ ಜೊತೆ, ಗಂಟಲಲ್ಲಿ ಸುಮ್ಮನಿದ್ದ ಸ್ಟ್ರೆಪ್ಟೋಕಾಕಸ್ ಜೂಎಪಿಡೆಮಿಕಸ್ ಅನ್ನೋ ಬ್ಯಾಕ್ಟೀರಿಯಾ ಕೂಡ ಶ್ವಾಸಕೋಶಕ್ಕಿಳಿಯುತ್ತೆ. ನ್ಯುಮೋನಿಯಾ!

[ದೃಶ್ಯ: ಲಾಯದ ಬಾಗಿಲಿಗೆ ನೇತುಹಾಕಿದ ಜ್ವರದ ಚಾರ್ಟ್]

ಪಶುವೈದ್ಯರ ಲೆಕ್ಕ: ಜ್ವರ ಇದ್ದ ಒಂದೊಂದು ದಿನಕ್ಕೆ ಒಂದೊಂದು ವಾರ ವಿಶ್ರಾಂತಿ, ಮೂರು ವಾರಕ್ಕೆ ಕಡಿಮೆ ಬೇಡ. ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆದಿಡಿ. ಜ್ವರ, ನೋವು ಇಳಿಸೋ ಫ್ಲುನಿಕ್ಸಿನ್ ಕೊಡ್ತಿದ್ರೆ ಡೋಸ್‌ಗೆ ಮುಂಚೆಯೇ ನೋಡಿ, ಇಲ್ಲದಿದ್ರೆ ಔಷಧಿ ಜ್ವರವನ್ನ ಮುಚ್ಚಿಬಿಡುತ್ತೆ, ಲೆಕ್ಕ ತಪ್ಪುತ್ತೆ. ಹುಲ್ಲನ್ನ ನೆನೆಸಿ, ನೆಲದ ಮೇಲೇ ಹಾಕಿ; ತಲೆ ತಗ್ಗಿಸಿ ತಿಂದ್ರೆ ಸಿಂಬಳ ತಾನೇ ಇಳಿಯುತ್ತೆ. ಆಂಟಿಬಯಾಟಿಕ್‌ಗೆ ವೈರಸ್ ಬಗ್ಗಲ್ಲ. ಇಳಿದ ಜ್ವರ ಮತ್ತೆ ಬಂದ್ರೆ, ಗಟ್ಟಿ ಹಳದಿ ಸಿಂಬಳ ಕಂಡ್ರೆ ಬ್ಯಾಕ್ಟೀರಿಯಾ ಸೇರಿರಬಹುದು. ತಕ್ಷಣ ವೈದ್ಯರನ್ನ ಕರೆಸಿ.

ಲಸಿಕೆ? ಸ್ನಾಯುವಿಗೆ ಚುಚ್ಚಿದ ಲಸಿಕೆಯಿಂದ ರಕ್ತದಲ್ಲಿ ಐಜಿಜಿ ಚೆನ್ನಾಗಿ ಏರುತ್ತೆ, ಮೂಗಿನ ಐಜಿಎ ಅಷ್ಟಾಗಿ ಏರಲ್ಲ. ಏರಿದ್ದೂ ಕೆಲವೇ ತಿಂಗಳಲ್ಲಿ ಇಳಿಯುತ್ತೆ. ಹಾಗಾಗಿ ಮೊದಲೆರಡು ಡೋಸ್ 4ರಿಂದ 6 ವಾರದ ಅಂತರದಲ್ಲಿ, ಮೂರನೆಯದು ಐದಾರು ತಿಂಗಳಿಗೆ. ಊರೂರು ಸುತ್ತೋ ಕುದುರೆಗೆ ಆರು ತಿಂಗಳಿಗೊಮ್ಮೆ ಬೂಸ್ಟರ್. ಲಸಿಕೆ ಹಾಕಿಸಿಕೊಂಡ ತಾಯಿಯ ಮರಿಗೆ ಮಾತ್ರ ಆರು ತಿಂಗಳವರೆಗೆ ಕಾಯಿರಿ. ಗಿಣ್ಣುಹಾಲಿನಿಂದ ಬಂದ ತಾಯಿಯ ಪ್ರತಿಕಾಯಗಳೇ ಲಸಿಕೆಯನ್ನ ನಿಷ್ಫಲ ಮಾಡ್ತವೆ.