ಬಟರ್‌ಶಾ ಎಸ್ಟೇಟಿನ ದನಿ

ಕೇಳುಗರಿಗೆಲ್ಲಾ ನಮಸ್ಕಾರ.

ಎಸ್ಟೇಟ್ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಕೊಡಗು, ಚಿಕ್ಕಮಗಳೂರು, ಕಾಫಿ ಗಿಡ, ಬೆಳ್ಳಗೆ ಬಿಟ್ಟ ಹೂವು. ಇಂಗ್ಲೆಂಡಲ್ಲಿ ಬರೀ ಎಸ್ಟೇಟ್ ಅಂದ್ರೆ ಎಷ್ಟೋ ಸಲ ಅದು ಕೌನ್ಸಿಲ್ ಎಸ್ಟೇಟೇ, ಅಂದ್ರೆ ಅಲ್ಲಿನ ನಗರಸಭೆ ಕಟ್ಟಿಸಿ ದುಡಿಯೋ ಜನಕ್ಕೆ ಬಾಡಿಗೆಗೆ ಕೊಟ್ಟ ಮನೆಗಳ ಬಡಾವಣೆ. ಸಾಲು ಮನೆ ಇರಬಹುದು, ಇಪ್ಪತ್ತು ಅಂತಸ್ತಿನ ಟವರ್ ಇರಬಹುದು. ನಾನು ಮೂರು ವರ್ಷ ಲೀಡ್ಸಲ್ಲಿದ್ದೆ, ನಮ್ಮ ಪಕ್ಕದ ಮನೆ ಅಜ್ಜಿ ಅಂಥ ಎಸ್ಟೇಟಲ್ಲೇ ಹುಟ್ಟಿ ಬೆಳೆದವರು. ಇವತ್ತು ನಾನು ಮಾತಾಡೋಕೆ ಹೊರಟಿರೋದು ಆ ಎಸ್ಟೇಟುಗಳನ್ನ ಅವರ ಸಿನಿಮಾ ಮತ್ತು ಟಿವಿ ಹೇಗೆ ತೋರಿಸ್ತು ಅನ್ನೋದ್ರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಹೇಗೆ ಕೇಳಿಸ್ತು ಅನ್ನೋದ್ರ ಬಗ್ಗೆ. ಯಾಕಂದ್ರೆ ನನಗೆ ಇಷ್ಟವಾದ ಚಿತ್ರಗಳೆಲ್ಲಾ ಕಣ್ಣಿಗಿಂತ ಕಿವಿ ಚುರುಕಾಗಿರೋರು ಮಾಡಿದ್ದು.

ಮೊದ್ಲು ಆ ಮನೆಗಳ ಕಥೆ ಒಂಚೂರು. ಮೊದಲನೇ ಮಹಾಯುದ್ಧದಿಂದ ಸೈನಿಕರು ವಾಪಸ್ ಬಂದಾಗ ಅವರಿಗೆ ಒಳ್ಳೇ ಮನೆ ಕೊಡ್ತೀವಿ ಅಂತ ಸರ್ಕಾರ ಮಾತು ಕೊಟ್ಟಿತ್ತು, 1919ರಲ್ಲಿ ಅದಕ್ಕೊಂದು ಕಾಯ್ದೆ ಬಂತು, ಆಮೇಲೆ ಊರೂರಲ್ಲೂ ಕೌನ್ಸಿಲ್ ಮನೆ ಎದ್ದವು. ಎರಡನೇ ಯುದ್ಧ ಮುಗಿದಮೇಲೆ ಮನೆಗಳ ಜವಾಬ್ದಾರಿ ಹೊತ್ತಿದ್ದ ಮಂತ್ರಿ ಅನೈರಿನ್ ಬೆವನ್ ಅವರಿಗೆ ಒಂದು ಆಸೆ ಇತ್ತು, ಡಾಕ್ಟ್ರು, ಅಂಗಡಿಯವನು, ಕೂಲಿಯವನು ಎಲ್ಲಾ ಒಂದೇ ಬೀದೀಲಿ ಇರಬೇಕು ಅಂತ. ಅಂದ್ರೆ ಇದು ಬಡವರನ್ನ ಒಂದು ಮೂಲೆಗೆ ತಳ್ಳೋ ಯೋಜನೆ ಆಗಿರ್ಲಿಲ್ಲ. 1970ರ ದಶಕದ ಕೊನೆಗೆ ಬ್ರಿಟನ್ನಿನ ಹತ್ತಿರ ಹತ್ತಿರ ಮೂರರಲ್ಲಿ ಒಂದು ಕುಟುಂಬ ಕೌನ್ಸಿಲ್ ಮನೇಲೇ ಇತ್ತು. 1980ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ರೈಟ್ ಟು ಬೈ, ಅಂದ್ರೆ ಕೊಳ್ಳೋ ಹಕ್ಕು ತಂತು, ಬಾಡಿಗೆಗಿದ್ದೋರೇ ಆ ಮನೇನ ಭಾರಿ ಡಿಸ್ಕೌಂಟಲ್ಲಿ ಕೊಂಡ್ಕೋಬಹುದು ಅಂತ. ಎಷ್ಟೋ ಜನ ಕೊಂಡ್ಕೊಂಡ್ರು, ಅವರನ್ನ ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ, ಸ್ವಂತ ಮನೆ ಯಾರಿಗೆ ಬೇಡ. ಆದ್ರೆ ಮಾರಿದಷ್ಟು ಮನೆ ಮತ್ತೆ ಕಟ್ಲಿಲ್ಲ, ಒಳ್ಳೊಳ್ಳೆ ಮನೆಗಳು ಹೋದ್ವು, ಅದೇ ಹೊತ್ತಿಗೆ ಗಣಿ ಮುಚ್ಚಿತು, ಮಿಲ್ಲು ಮುಚ್ಚಿತು, ಉಳಿದ ಎಸ್ಟೇಟುಗಳಲ್ಲಿ ಕೆಲಸ ಇಲ್ಲದೋರು, ಎಲ್ಲೂ ಹೋಗೋಕಾಗದೋರು ಉಳಿದ್ರು.

ಈಗ ಸಿನಿಮಾಗೆ ಬರ್ತೀನಿ. 1966ರ ನವೆಂಬರ್ 16ಕ್ಕೆ ಬಿಬಿಸಿಲಿ 'ಕ್ಯಾಥಿ ಕಮ್ ಹೋಮ್' ಅಂತ ಒಂದು ಟಿವಿ ನಾಟಕ ಬಂತು. ಬರೆದೋರು ಜೆರೆಮಿ ಸ್ಯಾಂಡ್‌ಫರ್ಡ್, ನಿರ್ದೇಶನ ಕೆನ್ ಲೋಚ್. ಇದು ಎಸ್ಟೇಟಿನ ಕಥೆ ಅಲ್ಲ, ಮನೆ ಸಿಗದೇ ಇರೋರ ಕಥೆ. ಕ್ಯಾಥಿ ಗಂಡನಿಗೆ ಆಕ್ಸಿಡೆಂಟ್ ಆಗಿ ಕೆಲಸ ಹೋಗತ್ತೆ, ಅಲ್ಲಿಂದ ಒಂದೊಂದೇ ಮೆಟ್ಟಲು ಕೆಳಗೆ, ಕ್ಯಾರವಾನು ಅನ್ನೋ ಗಾಡಿಮನೆ, ಮನೆ ಇಲ್ಲದೋರ ಹಾಸ್ಟೆಲ್ಲು, ಕೊನೆಗೆ ರೈಲ್ವೇ ಸ್ಟೇಷನ್ನಲ್ಲಿ ಅಧಿಕಾರಿಗಳು ಕ್ಯಾಥಿ ಕೈಯಿಂದ ಮಕ್ಕಳನ್ನ ಕಿತ್ಕೊಂಡು ಹೋಗ್ತಾರೆ. ಒಂದು ಕೋಟಿ ಇಪ್ಪತ್ತು ಲಕ್ಷ ಜನ ನೋಡಿದ್ರು ಅಂತ ಲೆಕ್ಕ ಇದೆ. ಕೌನ್ಸಿಲ್ ಮನೆ ಅಂದ್ರೆ ಒಂದು ಕುಟುಂಬಕ್ಕೆ ಏನು ಅನ್ನೋದು ಅದಿಲ್ಲದ ಈ ಕಥೇಲೇ ಚೆನ್ನಾಗಿ ಗೊತ್ತಾಗೋದು.

ಮೂರು ವರ್ಷ ಕಳೆದು 1969ರಲ್ಲಿ ಅದೇ ಲೋಚ್ ಮಾಡಿದ್ದು 'ಕೆಸ್'. ಬಾರ್ನ್ಸ್ಲಿ ಅನ್ನೋ ಗಣಿ ಊರು, ಬಿಲ್ಲಿ ಅನ್ನೋ ಹುಡುಗ, ಅವನು ಸಾಕೋ ಒಂದು ಪುಟ್ಟ ಡೇಗೆ ಹಕ್ಕಿ. ಇದರ ಮೂಲ ಕಾದಂಬರಿ ಬರೆದ ಬ್ಯಾರಿ ಹೈನ್ಸ್ ಆ ಕಡೆಯೋರೇ, ಬಿಲ್ಲಿ ಪಾತ್ರ ಮಾಡಿದ ಡೇವಿಡ್ ಬ್ರಾಡ್ಲಿ ಅಲ್ಲಿನ ಸ್ಕೂಲ್ ಹುಡುಗ, ಫುಟ್‌ಬಾಲ್ ಮೇಷ್ಟ್ರಾಗಿ ಬರೋ ಬ್ರಯಾನ್ ಗ್ಲೋವರ್ ನಿಜಕ್ಕೂ ಮೇಷ್ಟ್ರೇ, ಜೊತೆಗೆ ಕುಸ್ತಿ ಪಟು. ಅವರಾಡೋ ಇಂಗ್ಲಿಷು ಎಷ್ಟು ಗಾಢವಾಗಿತ್ತು ಅಂದ್ರೆ ಅಮೆರಿಕಾದಲ್ಲಿ ತೋರಿಸೋಕೆ ಕೆಲವು ಸೀನಿಗೆ ಮತ್ತೆ ಡಬ್ ಮಾಡ್ಬೇಕಾಯ್ತು. ನಾನು ಮೊದಲನೇ ಸಲ ನೋಡಿದಾಗ ಅರ್ಧ ಮಾತು ಹಿಡಿಯೋಕಾಗ್ಲಿಲ್ಲ, ಎರಡು ವರ್ಷ, ಲೀಡ್ಸು ಬಾರ್ನ್ಸ್ಲಿ ಎರಡೂ ಇರೋ ಯಾರ್ಕ್‌ಷೈರಲ್ಲಿ, ಬಸ್ ಸ್ಟಾಪಲ್ಲಿ, ಮಾರ್ಕೆಟಲ್ಲಿ ಕಿವಿ ಕೊಟ್ಟು ನಿಂತಮೇಲೆ ಮತ್ತೆ ನೋಡಿದೆ, ಆಗ ಅದು ಬೇರೇನೇ ಸಿನಿಮಾ. ತರಗತೀಲಿ ಬಾಯೇ ಬಿಡದ ಹುಡುಗ ಡೇಗೆ ಪಳಗಿಸಿದ ಕಥೆ ಹೇಳೋಕೆ ಎದ್ದು ನಿಲ್ತಾನಲ್ಲ, ಅಲ್ಲಿ ಅವನ ಮಾತು ಓಡತ್ತೆ, ಇಡೀ ಕ್ಲಾಸು ಸುಮ್ಮನೆ ಕೂತು ಕೇಳತ್ತೆ. ಆ ಕೆಲವು ನಿಮಿಷಕ್ಕೋಸ್ಕರ ನಾನು ಆ ಸಿನಿಮಾ ಎಷ್ಟು ಸಲ ಬೇಕಾದ್ರೂ ನೋಡ್ತೀನಿ.

ಆದ್ರೆ ನಾನು ಮುಖ್ಯವಾಗಿ ಹೇಳಬೇಕು ಅಂತಿರೋದು ಆಂಡ್ರಿಯಾ ಡನ್‌ಬಾರ್ ಬಗ್ಗೆ. ಲೀಡ್ಸ್ ಪಕ್ಕದಲ್ಲೇ ಬ್ರಾಡ್‌ಫರ್ಡ್, ಅಲ್ಲಿ ಬಟರ್‌ಶಾ ಅಂತ ಒಂದು ಎಸ್ಟೇಟು, ಅದರಲ್ಲಿ ಬ್ರಾಫರ್ಟನ್ ಆರ್ಬರ್ ಅನ್ನೋ ಬೀದಿ, ಜನರ ಬಾಯಲ್ಲಿ ಬರೀ ಆರ್ಬರ್. ಆಂಡ್ರಿಯಾ 1961ರಲ್ಲಿ ಹುಟ್ಟಿದ್ಲು, ಬೆಳೆದಿದ್ದು ಆ ಬೀದೀಲಿ. ಹದಿನೈದನೇ ವಯಸ್ಸಲ್ಲಿ ಸ್ಕೂಲಿನ ಇಂಗ್ಲಿಷ್ ಪರೀಕ್ಷೆಗೆ ಅಂತ ಒಂದು ನಾಟಕ ಬರೆಯೋಕೆ ಶುರು ಮಾಡಿದ್ಲು, ಸ್ಕೂಲ್ ನೋಟ್‌ಬುಕ್ಕಿನ ಹಾಳೇಲಿ, ಹಸಿರು ಪೆನ್ನಲ್ಲಿ. ಬಸುರಿಯಾದ ಒಬ್ಬ ಸ್ಕೂಲ್ ಹುಡುಗಿ, ಕುಡುಕ ಅಪ್ಪ, ಮನೆತುಂಬ ಜಗಳ, ನಾಟಕದ ಹೆಸರೂ ಬೀದಿ ಹೆಸರೇ, 'ದಿ ಆರ್ಬರ್'. ಆ ನಾಟಕ ಹೊರಗಿನೋರ ಕೈಗೆ ಸಿಕ್ಕಾಗ ಅವಳು ಏಟು ತಿಂದ ಹೆಂಗಸರಿಗೆ ಆಸರೆ ಕೊಡೋ ಒಂದು ಮನೇಲಿದ್ಲು. ಅಲ್ಲಿಂದ ಅದು ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿಗೆ ಹೋಯ್ತು, 1980ರಲ್ಲಿ ಮ್ಯಾಕ್ಸ್ ಸ್ಟ್ಯಾಫರ್ಡ್-ಕ್ಲಾರ್ಕ್ ನಿರ್ದೇಶನದಲ್ಲಿ ರಂಗಕ್ಕೆ ಬಂತು. ಇಪ್ಪತ್ತು ವರ್ಷಾನೂ ತುಂಬಿರ್ಲಿಲ್ಲ ಆಗ ಅವಳಿಗೆ. ಅವಳ ಬರವಣಿಗೇಲಿ ವರ್ಣನೆ ಇಲ್ಲ, ಬಡತನ ಅಂದ್ರೆ ಹೀಗೆ ಅನ್ನೋ ಭಾಷಣ ಇಲ್ಲ, ಬರೀ ಮಾತು. ಒಬ್ಬರ ಮಾತು ಮುಗಿಯೋದ್ರೊಳಗೆ ಇನ್ನೊಬ್ಬರು ಬಾಯಿ ಹಾಕೋದು, ಬೈಗುಳದಲ್ಲೇ ಪ್ರೀತಿ, ಕೇಳಿದ ಪ್ರಶ್ನೆಗೆ ಬೇರೇನೋ ಉತ್ತರ. ಗೋಡೆಯಾಚೆ ಮನೆಯೋರು ಜಗಳ ಆಡ್ತಿದ್ರೆ ನಾವು ಹೇಗೆ ಉಸಿರು ಬಿಗಿಹಿಡಿದು ಕೇಳಿಸ್ಕೊತೀವೋ ಹಾಗೆ.

ಅವಳ ಎರಡನೇ ನಾಟಕ 'ರೀಟಾ, ಸೂ ಅಂಡ್ ಬಾಬ್ ಟೂ' 1987ರಲ್ಲಿ ಸಿನಿಮಾ ಆಯ್ತು, ನಿರ್ದೇಶಕ ಅಲನ್ ಕ್ಲಾರ್ಕ್. ಶೂಟಿಂಗ್ ಬಟರ್‌ಶಾದಲ್ಲೇ. ಶುರುವಲ್ಲೇ ಕುಡಿದ ಅಪ್ಪ ತೂರಾಡ್ತಾ ಮನೆಗೆ ಬರ್ತಾನೆ, ಮಗಳು ಸೂ ಹೊರಗೆ ಹೋಗ್ತಾಳೆ, ಕ್ಯಾಮೆರಾ ಅವನನ್ನ ಬಿಟ್ಟು ಅವಳ ಹಿಂದೆ ಇಡೀ ಎಸ್ಟೇಟ್ ದಾಟಿ ಹೋಗತ್ತೆ. ಸೂ, ಅವಳ ಗೆಳತಿ ರೀಟಾ, ಇಬ್ಬರೂ ಇನ್ನೂ ಸ್ಕೂಲಿಗೆ ಹೋಗೋ ಹುಡುಗೀರು, ಬಾಬ್ ಅನ್ನೋನ ಮನೇಲಿ ಮಕ್ಕಳನ್ನ ನೋಡ್ಕೊಳ್ಳೋಕೆ ಹೋಗ್ತಾರೆ, ಮದುವೆಯಾದ ಆ ಗಂಡಸು ಇಬ್ಬರನ್ನೂ ತನ್ನ ಕಾರಲ್ಲಿ ಕೂರಿಸ್ಕೊಂಡು ಹೋಗಿ ಬಳಸ್ಕೊತಾನೆ. ಪೋಸ್ಟರ್ ಇದನ್ನ ಒಂದು ಮಜವಾದ ಕಾಮಿಡಿ ಅಂತ ಮಾರ್ತು. ಆ ಹುಡುಗೀರ ನಗು, ಧೈರ್ಯ, ಗೆಳೆತನ ಎಲ್ಲಾ ನಿಜ, ಆದ್ರೆ ಬಾಬ್ ಮಾಡೋದು ನಗೋ ವಿಷಯ ಅಲ್ಲ, ನನಗೆ ಆ ಕೊನೆ ಸೀನು ಈಗಲೂ ಹೊಟ್ಟೇಲಿ ಕಲಸಿದ ಹಾಗಾಗತ್ತೆ. ಸಿನಿಮಾಕ್ಕೆ ಅಂತ ಬದಲಾಯಿಸಿದ ಆ ಕೊನೆ ಆಂಡ್ರಿಯಾಗೂ ಇಷ್ಟವಾಗ್ಲಿಲ್ಲ. ಬಟರ್‌ಶಾದ ಎಷ್ಟೋ ಜನಕ್ಕಂತೂ ಸಿನಿಮಾನೇ ಇಷ್ಟವಾಗ್ಲಿಲ್ಲ, ನಮ್ಮೂರ ಮರ್ಯಾದೆ ತೆಗೆದ್ಲು ಅಂತ ಸಿಟ್ಟಾದ್ರು. ಆ ಸಿಟ್ಟು ನನಗೆ ಅರ್ಥ ಆಗತ್ತೆ. ಲಂಡನ್ನಿನೋರು ನೋಡಿ ನಕ್ಕು ಮನೆಗೆ ಹೋಗ್ತಾರೆ, ಆ ಹೆಸರು ಹೊತ್ಕೊಂಡು ನಾಳೆ ಕೆಲಸ ಕೇಳೋಕೆ ಹೋಗಬೇಕಾಗಿರೋರು ಇವರು. ಆದ್ರೂ ಆಂಡ್ರಿಯಾ ಅವರನ್ನ ಮಾರ್ಕೊಂಡ್ಲು ಅಂತ ನಾನು ಒಪ್ಪಲ್ಲ, ಅವಳು ಬರೆದು ಲಂಡನ್ನಿಗೆ ಓಡಿ ಹೋದೋಳಲ್ಲ, ಅದೇ ಎಸ್ಟೇಟಲ್ಲೇ ಮೂರು ಮಕ್ಕಳನ್ನ ಕಟ್ಕೊಂಡು ಇದ್ಲು. 1990ರ ಡಿಸೆಂಬರಲ್ಲಿ ಅಲ್ಲೇ ಪಬ್ಬಲ್ಲಿ ಕೂತಿದ್ದಾಗ ಕುಸಿದ್ಲು, ಮೆದುಳಲ್ಲಿ ರಕ್ತಸ್ರಾವ. ಇಪ್ಪತ್ತೊಂಬತ್ತು ವರ್ಷಕ್ಕೆ ಹೋಗಿಬಿಟ್ಲು. ಮೂರೇ ನಾಟಕ.

ಆಮೇಲೆ ಬಂದವರಲ್ಲೂ ನನಗೆ ಬೇಕಾದೋರು ಒಳಗಿಂದ ಬಂದೋರೇ. ಕ್ಯಾರೊಲೈನ್ ಅಹರ್ನ್ ಮ್ಯಾಂಚೆಸ್ಟರಿನ ವಿದೆನ್‌ಶಾ ಅನ್ನೋ ದೊಡ್ಡ ಕೌನ್ಸಿಲ್ ಎಸ್ಟೇಟಲ್ಲಿ ಬೆಳೆದೋರು, 1998ರಲ್ಲಿ ಶುರುವಾದ ಅವರ 'ದಿ ರಾಯ್ಲ್ ಫ್ಯಾಮಿಲಿ'ಲಿ ಒಂದು ಕುಟುಂಬ ಸೋಫಾ ಮೇಲೆ ಕೂತು ಟಿವಿ ನೋಡ್ತಾ ಹರಟೆ ಹೊಡೆಯತ್ತೆ, ಅಷ್ಟೇ ಕಥೆ, ಹಿಂದುಗಡೆ ನಗುವಿನ ರೆಕಾರ್ಡಿಂಗೂ ಹಾಕಿಲ್ಲ, ಟೀ ಯಾರು ಮಾಡ್ಬೇಕು ಅನ್ನೋ ಮಾತಲ್ಲೇ ಮನೆಯೋರೆಲ್ಲಾ ಗೊತ್ತಾಗಿಬಿಡ್ತಾರೆ. 2004ರಲ್ಲಿ 'ಶೇಮ್‌ಲೆಸ್' ಬರೆದ ಪಾಲ್ ಅಬಟ್ ಬರ್ನ್ಲಿಯವರು, ಅಮ್ಮ ಬಿಟ್ಟು ಹೋದ್ರು, ಆಮೇಲೆ ಅಪ್ಪನೂ ಹೋದ್ರು, ಮನೆ ಎಳೆದಿದ್ದು ಅಕ್ಕ. ಆ ಸೀರಿಯಲ್ಲಿನ ಮೊದಲ ಸೀಸನ್ನುಗಳಲ್ಲಿ ಆ ಅಕ್ಕನ ಬಿಸಿ ಇದೆ, ಕೊನೆಕೊನೆಗೆ ಅದು ಹೋಗಿ ಬರೀ ಗಲಾಟೆ ಉಳೀತು.

ಹೊರಗಿನ ಕಣ್ಣು ಅಂದ್ರೆ ಏನು ಅನ್ನೋಕೆ ಒಂದು ಉದಾಹರಣೆ ಹೇಳ್ಲೇಬೇಕು. ದಕ್ಷಿಣ ಲಂಡನ್ನಲ್ಲಿ ಏಲ್ಸ್‌ಬರಿ ಅನ್ನೋ ದೊಡ್ಡ ಎಸ್ಟೇಟಿದೆ. ಚಾನೆಲ್ 4ನವರು 2004ರಲ್ಲಿ ತಮ್ಮ ಕಾರ್ಯಕ್ರಮಗಳ ಮಧ್ಯೆ ಹಾಕೋ ಸಣ್ಣ ತುಣುಕೊಂದನ್ನ ಅಲ್ಲಿ ಚಿತ್ರೀಕರಿಸಿದ್ರು. ಕ್ಯಾಮೆರಾ ಕಾರಿಡಾರಲ್ಲಿ ಸಾಗತ್ತೆ, ಅಲ್ಲಿ ಒಣಗಿಸಿದ ಬಟ್ಟೆ, ಕಸದ ಚೀಲ, ಬಿಸಾಕಿದ ಶಾಪಿಂಗ್ ಟ್ರಾಲಿ. ಅವೆಲ್ಲಾ ಶೂಟಿಂಗಿಗೆ ಅಂತ ತಂದು ಸೇರಿಸಿದ್ದು! ಹತ್ತಿರ ಹತ್ತಿರ 10 ವರ್ಷ ಅದು ಮನೆಮನೆ ಟಿವಿಲಿ ಓಡ್ತು, ಅಲ್ಲಿ ವಾಸ ಮಾಡೋರು ಹೋರಾಡಿ ಹೋರಾಡಿ ಕೊನೆಗೆ ನಿಲ್ಲಿಸಿದ್ರು. ಸಾವಿರಾರು ಜನ ಇರೋ ಜಾಗ, ತೋರಿಸಿದ ತುಣುಕಲ್ಲಿ ಒಬ್ಬರ ಮಾತೂ ಇಲ್ಲ.

ಅದಕ್ಕೆದುರಾಗಿ 2009ರ 'ಫಿಶ್ ಟ್ಯಾಂಕ್' ಇಡ್ತೀನಿ. ಆಂಡ್ರಿಯಾ ಆರ್ನಲ್ಡ್ ತಾನೂ ಕೆಂಟ್ ಕಡೆ ಕೌನ್ಸಿಲ್ ಎಸ್ಟೇಟಲ್ಲಿ ಬೆಳೆದ ನಿರ್ದೇಶಕಿ. ಹದಿನೈದು ವರ್ಷದ ಮಿಯಾ ಪಾತ್ರಕ್ಕೆ ಹುಡುಗೀನ ಹುಡುಕ್ತಿದ್ದಾಗ, ಅವರ ಕಡೆಯೋರಿಗೆ ಟಿಲ್ಬರಿ ಟೌನ್ ಸ್ಟೇಷನ್ನಲ್ಲಿ ಬಾಯ್‌ಫ್ರೆಂಡ್ ಜೊತೆ ಜೋರಾಗಿ ಜಗಳ ಆಡ್ತಿದ್ದ ಕೇಟಿ ಜಾರ್ವಿಸ್ ಸಿಕ್ಕಿದ್ಲು, ಅಲ್ಲಿತನಕ ಆಕ್ಟಿಂಗೇ ಮಾಡಿರ್ಲಿಲ್ಲ. ಆ ಸಿನಿಮಾಗೆ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಬಹುಮಾನ ಬಂತು. ಅದ್ರಲ್ಲಿ ಮಿಯಾ ಖಾಲಿ ಫ್ಲಾಟೊಂದ್ರಲ್ಲಿ ಒಬ್ಬಳೇ ಡ್ಯಾನ್ಸ್ ಪ್ರಾಕ್ಟೀಸ್ ಮಾಡ್ತಾಳೆ, ಕಿಟಕಿಯಾಚೆ ಅಷ್ಟೂ ಆಕಾಶ. ಎಸ್ಟೇಟಿನ ಟವರಿಂದ ಆಕಾಶ ಎಷ್ಟು ದೊಡ್ಡದಾಗಿ ಕಾಣತ್ತೆ ಅನ್ನೋದು ಅಲ್ಲಿದ್ದೋರಿಗೇ ಗೊತ್ತು.

ಕೊನೇದಾಗಿ 2010ಕ್ಕೆ ಬರ್ತೀನಿ, ಮತ್ತೆ ಬಟರ್‌ಶಾಗೆ. ಕ್ಲಿಯೋ ಬರ್ನಾರ್ಡ್ ಅನ್ನೋ ನಿರ್ದೇಶಕಿ ಡನ್‌ಬಾರ್ ಮನೆಯವರನ್ನ, ಅಕ್ಕಪಕ್ಕದೋರನ್ನ ಕೂರಿಸಿ ಬರೀ ಧ್ವನಿ ರೆಕಾರ್ಡ್ ಮಾಡ್ಕೊಂಡ್ರು, ನಾವು ಬಾನುಲಿಗೆ ಮಾಡ್ತೀವಲ್ಲ ಹಾಗೆ. ಆಮೇಲೆ ನಟ ನಟಿಯರು ಆ ನಿಜವಾದ ಧ್ವನಿಗೆ ತುಟಿ ಸೇರಿಸಿ ಅಭಿನಯಿಸಿದ್ರು. ಚಿತ್ರದ ಹೆಸರು ಮತ್ತೆ 'ದಿ ಆರ್ಬರ್'. ಮುಖ ನಟಿಯದ್ದು, ಗಂಟಲು ಆಂಡ್ರಿಯಾ ಮಗಳದ್ದು, ಆ ಉಸಿರು, ಆ ತಡವರಿಕೆ ಎಲ್ಲಾ ಅವಳದ್ದೇ. ಅಮ್ಮನ ಬಗ್ಗೆ ಅವಳು ಹೇಳೋ ಮಾತು ಕಹಿಯಾಗಿದೆ, ಅವಳ ಸ್ವಂತ ಬದುಕೂ ಅಮ್ಮನಿಗಿಂತ ಹೆಚ್ಚು ಕತ್ತಲಿಗೆ ಹೋಗತ್ತೆ. ಅದನ್ನ ಕೇಳಿದಮೇಲೆ ನಾನು ಆಂಡ್ರಿಯಾನ ಬರೀ ಮೆಚ್ಚಿಕೊಂಡು ಕೂರೋಕಾಗ್ಲಿಲ್ಲ, ಅವಳ ಜೊತೆ ಅವಳ ಮಕ್ಕಳನ್ನೂ ನೆನೆಸ್ಕೊಳ್ಳೋದು ರೂಢಿ ಆಯ್ತು.

ಆ ಚಿತ್ರದ ಮಧ್ಯೆ ಮಧ್ಯೆ ಆಂಡ್ರಿಯಾ ಹದಿಹರೆಯದಲ್ಲಿ ಬರೆದ ನಾಟಕದ ಸೀನುಗಳು ಬರ್ತವೆ. ಅದನ್ನ ಆಡಿದ್ದು ಸ್ಟುಡಿಯೋದಲ್ಲಲ್ಲ, ಬ್ರಾಫರ್ಟನ್ ಆರ್ಬರಿನ ಮನೆಗಳ ಮಧ್ಯೆ ಇರೋ ಹುಲ್ಲಿನ ಮೇಲೆ, ಬಯಲಲ್ಲಿ ಒಂದು ಸೋಫಾ ತಂದಿಟ್ಟು. ಅಪ್ಪ ಕಿರುಚ್ತಾನೆ, ಮಗಳು ತಿರುಗಿ ಬೈತಾಳೆ, ಸುತ್ತ ಆ ಬೀದಿಯ ಜನ ನಿಂತಿದಾರೆ, ತಮ್ಮ ಮನೆ ಮುಂದೆ, ತಮ್ಮದೇ ಮಾತನ್ನ ಕೇಳಿಸ್ಕೊಂಡು.

ನಮಸ್ಕಾರ.