ಅಜ್ಜನ ಟ್ರಂಕಿನಲ್ಲಿ 17 ತೋಟಾ

ಎಲ್ಲರಿಗೂ ನಮಸ್ಕಾರ.

ಗದಗ ಜಿಲ್ಲೆಯ ನಮ್ಮೂರಲ್ಲಿ ಅಜ್ಜ ತೀರಿಕೊಂಡಾಗ ಅವರ ಬಂದೂಕನ್ನು ಠಾಣೆಗೆ ಒಪ್ಪಿಸಿದೆವು. ಅಲ್ಲಿಗೆ ಮುಗೀತು ಅಂದುಕೊಂಡೆವು. 11 ವರ್ಷ ಕಳೆದ ಮೇಲೆ ಅಟ್ಟ ಖಾಲಿ ಮಾಡುವಾಗ, ಹಳೆ ಕೌದಿಗಳ ಕೆಳಗೆ ಒಂದು ಟ್ರಂಕು ಸಿಕ್ಕಿತು. ಚರ್ಮದ ಪಟ್ಟಿ, ಶಿಕಾರಿ ಚೀಲ, ನಳಿಗೆ ಒರೆಸುವ ಕೋಲು, ತಗಡಿನ ಡಬ್ಬಿಯಲ್ಲಿ ಕರಿಮದ್ದು. ಜೊತೆಗೆ 17 ತೋಟಾ, ಅಂದರೆ ಬಂದೂಕಿಗೆ ತುಂಬುವ ಮದ್ದುಗುಂಡಿನ ಕೊಳವೆ.

"ಹಾಳುಬಾವಿಗೆ ಒಗದು ಬಾ" ಅಂದರು ಕಾಕಾ. "ಕಸದ ಕೂಡ ಸುಟ್ಟುಬಿಡ್ರಿ" ಅಂದರು ಪಕ್ಕದ ಮನೆಯವರು. ಅಷ್ಟರಲ್ಲಿ ಅಕ್ಕನ ಮಗ, ಏಳು ವರ್ಷದವನು, ಒಂದು ತೋಟಾ ಎತ್ತಿಕೊಂಡು ಪಡಸಾಲೆಯ ಬಂಡೆಗೆ ಟಕ್ ಟಕ್ ಅಂತ ಕುಟ್ಟುತ್ತಿದ್ದ. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ತೋಟಾದ ಹಿತ್ತಾಳೆ ಬುಡದ ನಡುವೆ ಒಂದು ಸಣ್ಣ ಕೇಪು ಇರುತ್ತದೆ. ಏಟು ಬಿದ್ದರೆ ಸಿಡಿಯಲೆಂದೇ ಮಾಡಿದ್ದು ಅದು. ಹಳೇ ತೋಟಾಗಳ ಮೈ ಕಾಗದದ್ದು. ಮಳೆಗಾಲದ ತೇವಕ್ಕೆ ಉಬ್ಬುತ್ತದೆ, ಹಿತ್ತಾಳೆ ಹಸಿರುಗಟ್ಟುತ್ತದೆ. ನೋಡಿದರೆ ಸತ್ತ ವಸ್ತು ಅನಿಸುತ್ತದೆ, ಅಲ್ವಾ? ಆದರೆ ಒಣಗಿದ ಕರಿಮದ್ದು ದಶಕಗಳ ಮೇಲೂ ಹೊತ್ತಿಕೊಳ್ಳುತ್ತದೆ. ಬೆಂಕಿಗೆ ಹಾಕಿದರೆ ತೋಟಾ ಒಡೆದು ಹಿತ್ತಾಳೆಯ ಚೂರು ಕಣ್ಣಿಗೆ ಹಾರಬಹುದು. ಬಾವಿಗೆ ಎಸೆದರೆ ಸೀಸ ನೀರು ಸೇರುತ್ತದೆ. ಹಳೆ ಸೀಸದ ಗುಂಡಿನ ಮೇಲೆ ಬಿಳಿ ಪುಡಿ ಕಂಡರೆ ಅದೂ ವಿಷವೇ. ಮುಟ್ಟಿದ್ದರೆ ಕೈ ತೊಳೆಯದೆ ರೊಟ್ಟಿ ಮುರಿಯಬೇಡಿ.

ಹಾಗಾದರೆ ಏನು ಮಾಡಬೇಕು? ಮಕ್ಕಳನ್ನು ದೂರ ಕಳಿಸಿ. ಬಿಚ್ಚಬೇಡಿ, ಅಲುಗಾಡಿಸಬೇಡಿ. ಠಾಣೆಗೆ ಫೋನ್ ಮಾಡಿ. ನೀವೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಮಾತ್ರ ಅಲ್ಲ, ತೋಟಾಗೂ ಅನ್ವಯಿಸುತ್ತದೆ. ಲೈಸೆನ್ಸುದಾರ ಸತ್ತರೆ ವಾರಸುದಾರರು ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕು. ನಾವು ಬಂದೂಕು ಕೊಟ್ಟು ತೋಟಾ ಮರೆತಿದ್ದೆವು. ತಪ್ಪು ನಮ್ಮದೇ.

ಗೋಡೆಯ ಮೇಲೆ ಚಿಗರಿ ಕೊಂಬು ಇದ್ದರೆ ಅದರ ದಾರಿ ಬೇರೆ. ಅದು 1972ರ ವನ್ಯಜೀವಿ ಕಾಯ್ದೆಗೆ ಸೇರಿದ್ದು. ವಾರಸಾಗಿ ಬಂದಿದ್ದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಬೀಗರಿಗೆ ಉಡುಗೊರೆ ಕೊಡುವ ವಸ್ತುವಲ್ಲ ಅದು.

ಇಷ್ಟು ಗೊತ್ತಿದ್ದೂ ಮನೆಯವರು ಯಾಕೆ ಬಚ್ಚಿಡುತ್ತಾರೆ? ಪೊಲೀಸರ ಹೆದರಿಕೆ ಒಂದು. ಇನ್ನೊಂದು ಆಳದ್ದು. ನಾವು ಖಂಡೇನವಮಿಗೆ ಆಯುಧಕ್ಕೆ ಕುಂಕುಮ ಹಚ್ಚುವ ಜನ. 1857ರಲ್ಲಿ ಬ್ರಿಟಿಷರು ಹತಾರ ಕೊಡಿ ಅಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಜೀವ ಕೊಟ್ಟರು, ಹತಾರ ಕೊಡಲಿಲ್ಲ. ಅವರ ಲಾವಣಿ ಕೇಳಿ ಬೆಳೆದವರಿಗೆ ಠಾಣೆಯ ಮೇಜಿನ ಮೇಲೆ ಅಜ್ಜನ ಸಾಮಾನು ಇಡುವಾಗ ಕೈ ತಡೆಯುತ್ತದೆ. ನನಗೂ ತಡೆಯಿತು. ಅದಕ್ಕೇ ಹೇಳುತ್ತೇನೆ, ಪಟ್ಟಿ, ಚೀಲ ಇಟ್ಟುಕೊಳ್ಳಿ. ಹಿರಿಯರು ಇದ್ದಾಗಲೇ ಅವುಗಳ ಕಥೆ ಕೇಳಿ ಬರೆದಿಡಿ.

ಬರೇ ತೋಟಾ ಎಣಿಸಿಬಿಟ್ಟಿದ್ದರೆ ನನಗೆ ಅಜ್ಜ ಗೊತ್ತಾಗುತ್ತಿರಲಿಲ್ಲ. ಟ್ರಂಕಿನ ತಳದಲ್ಲಿ ಅವರ ಹಳೆ ಲೈಸೆನ್ಸ್ ಪುಸ್ತಕ ಇತ್ತು. ಕೊಂಡ ತೋಟಾಗಳ ಲೆಕ್ಕ, ಪ್ರತಿ ಸಲ ಒಂದು ಮುದ್ರೆ. ಮೊದಲು 50, ಆಮೇಲೆ 25, ಕಡೆಗೆ 10. ಆ ಕಡೆಯ 10 ತೋಟಾ, ಪೊಟ್ಟಣ ಕೂಡ ಒಡೆಯದೆ, ಹಾಗೇ ಇದ್ದವು. ಯಾಕೆ ಅಂತ ಆಯಿಯನ್ನು ಕೇಳಿದೆ.

"ಆ ವರ್ಷ ಮಳಿ ಇರಲಿಲ್ಲಪಾ. ಚಿಗರಿ ನೀರು ಹುಡುಕ್ಕೋತ ನಮ್ಮ ಹೊಲದ ಬಾವಿ ತನಕ ಬಂದಿದ್ವು. ನಿಮ್ಮಜ್ಜ ಬಂದೂಕು ತಗೊಂಡು ಹೋದಾಂವ ಬಾನಿಗೆ ನೀರು ತುಂಬಿಸಿ ಬಂದ."