ಕಾನ್ವಿ ಕೋಟೆ: ಗೆದ್ದವರು ಕಟ್ಟಿದ್ದು, ಸೋತವರ ಕೈ ಸೇರಿದ್ದು

[ದೃಶ್ಯ: ಅಳಿವೆಯ ಆಚೆ ದಡದಿಂದ ಕೋಟೆ, ಅದರ ಎಂಟು ಬುರುಜುಗಳು]

ಇದು ಬ್ರಿಟನ್ನಿನ ವೇಲ್ಸ್ ನಾಡಿನ ಕಾನ್ವಿ. ಕಡಲಂಚಿನ ಸಣ್ಣ ಊರು. ಇಷ್ಟು ದೊಡ್ಡ ಕೋಟೆ ನೋಡಿದರೆ ಊರಿನವರನ್ನು ಕಾಯಲು ಕಟ್ಟಿದ್ದು ಅನ್ನಿಸುತ್ತದೆ, ಅಲ್ವಾ? ಕಟ್ಟಿಸಿದವನು ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್. ವೇಲ್ಸನ್ನು ಗೆದ್ದ ಮೇಲೆ ಅಲ್ಲಿನ ಜನ ಮತ್ತೆ ತಲೆ ಎತ್ತಬಾರದು ಅಂತ.

ಜಾಗವನ್ನೂ ಸುಮ್ನೆ ಆರಿಸಲಿಲ್ಲ. ಅಲ್ಲಿ ಒಂದು ಕ್ರೈಸ್ತ ಮಠ ಇತ್ತು. ವೇಲ್ಸಿನವರ ಹೆಮ್ಮೆಯ ದೊರೆ ಲಿವೆಲಿನ್ ಮಣ್ಣಾದದ್ದು ಅಲ್ಲೇ. ಎಡ್ವರ್ಡ್ ಸನ್ಯಾಸಿಗಳನ್ನು ಎಬ್ಬಿಸಿ ಬೇರೆ ಕಡೆ ಕಳಿಸಿದ. 1283ರಲ್ಲಿ ಕೆಲಸ ಶುರು. ನಾಲ್ಕೈದು ವರ್ಷದಲ್ಲಿ ಕೋಟೆ ಎದ್ದಿತು, ಊರಿನ ಸುತ್ತ 1.3 ಕಿಲೋಮೀಟರ್ ಗೋಡೆಯೂ ಎದ್ದಿತು. ಖರ್ಚು ಸುಮಾರು 15,000 ಪೌಂಡ್, ಆ ಕಾಲಕ್ಕೆ ಕಣ್ಣು ಬಿಡುವಂಥ ಮೊತ್ತ. ಗೋಡೆಯೊಳಗೆ ಇಂಗ್ಲಿಷರನ್ನು ತಂದು ಕೂರಿಸಿದರು. ವೇಲ್ಸಿನವರು ಅಲ್ಲಿ ಮನೆ ಮಾಡುವ ಹಾಗಿರಲಿಲ್ಲ.

[ಹತ್ತಿರದ ಶಾಟ್: ಊರಗೋಡೆಯ ದಕ್ಷಿಣ ಭಾಗ, ಹೊರಗಿನಿಂದ]

ನನಗೆ ಕೋಟೆಗಿಂತ ಜಾಸ್ತಿ ಇಷ್ಟವಾಗುವುದು ಇದು. ಗೋಡೆಯ ಮೇಲ್ತುದಿಯಲ್ಲಿ ಹೊರಗೆ ಚಾಚಿಕೊಂಡಿರುವ ಕಲ್ಲಿನ ಗೂಡುಗಳ ಸಾಲು ನೋಡಿ. ಒಟ್ಟು 12. ಕಾವಲಿಗೆ ಇರಬೇಕು ಅಂದುಕೊಂಡಿರಾ? ಪಾಯಿಖಾನೆಗಳು! ರಾಜನ ಕಚೇರಿಯ ಸಿಬ್ಬಂದಿಗಾಗಿ ಕಟ್ಟಿದ್ದು. ಬಿದ್ದದ್ದೆಲ್ಲ ನೇರ ಗೋಡೆಯಾಚೆಗೆ.

[ದೃಶ್ಯ: ಕೋಟೆಯ ಹೆಬ್ಬಾಗಿಲು]

ಇಷ್ಟೆಲ್ಲ ಕಟ್ಟಿಯೂ 1401ರಲ್ಲಿ ಏನಾಯಿತು? ಗುಡ್ ಫ್ರೈಡೇ ದಿನ, ಕಾವಲಿನವರು ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದರು. ಇಂಗ್ಲಿಷರ ವಿರುದ್ಧ ವೇಲ್ಸಿನವರ ಬಂಡಾಯದ ನಾಯಕ ಓವೈನ್ ಗ್ಲಿನ್‌ಡೂರ್‌ನ ಕಡೆಯ ರಿಸ್ ಮತ್ತು ಗ್ವಿಲಿಮ್ ಎಂಬ ಅಣ್ಣತಮ್ಮಂದಿರು ಕೋಟೆ ಹಿಡಿದೇಬಿಟ್ಟರು. ಆ ಕಾಲದ ಬರಹಗಾರನೊಬ್ಬನ ಪ್ರಕಾರ, ದಿನದ ಕೆಲಸಕ್ಕೆ ಬಂದವನಂತೆ ನಟಿಸಿದ ಒಬ್ಬ ಬಡಗಿಯ ಕೈವಾಡ ಅದು. 15,000 ಪೌಂಡಿನ ಕೋಟೆಗೆ ಒಬ್ಬ ಬಡಗಿ ಸಾಕಾದ! ಕೆಲವು ತಿಂಗಳ ಮಾತುಕತೆ ಆದ ಮೇಲೆ ಬಿಟ್ಟುಕೊಟ್ಟರು, ಅದು ಬೇರೆ ಮಾತು.

17ನೇ ಶತಮಾನದಲ್ಲಿ ಒಡೆಯರೇ ಇದರ ಸೀಸ, ಕಬ್ಬಿಣ ಕಿತ್ತುಕೊಂಡು ಹೋದರು. ಚಾವಣಿ ಹಾಳಾಯಿತು.

[ದೃಶ್ಯ: ತೂಗುಸೇತುವೆ]

1826ರಲ್ಲಿ ಥಾಮಸ್ ಟೆಲ್ಫರ್ಡ್ ಕೋಟೆಗೆ ತಾಗಿಕೊಂಡೇ ತೂಗುಸೇತುವೆ ಕಟ್ಟಿದ. ಅದರ ಕಂಬಗಳೂ ಬುರುಜಿನ ಹಾಗೇ ಇವೆ. 1986ರಲ್ಲಿ ಕೋಟೆಯೂ ಊರಗೋಡೆಯೂ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. 1991ರಲ್ಲಿ ಹೆದ್ದಾರಿಯನ್ನು ಅಳಿವೆಯ ಕೆಳಗೆ ಸುರಂಗದಲ್ಲಿ ಒಯ್ದರು. ಇವತ್ತು ಕೋಟೆಯನ್ನು ನೋಡಿಕೊಳ್ಳುವುದು ವೇಲ್ಸ್ ಸರ್ಕಾರದ ಪರಂಪರೆ ವಿಭಾಗ.

ಕೋಟೆಗೆ ಟಿಕೆಟ್ ಬೇಕು, ಊರಗೋಡೆಯ ಮೇಲೆ ನಡೆಯುವುದು ಪುಕ್ಕಟೆ. ಹೋದರೆ ಮೊದಲು ಗೋಡೆ ಹತ್ತಿ. ನದಿ, ಕಡಲು, ಬೆಟ್ಟ ಮೂರೂ ಕಾಣುತ್ತವೆ, ಎಡ್ವರ್ಡ್ ಈ ಜಾಗಕ್ಕೇ ಯಾಕೆ ಹಟ ಹಿಡಿದ ಅನ್ನುವುದು ಅಲ್ಲಿಂದ ಗೊತ್ತಾಗುತ್ತದೆ.